ಹಸಿದವರ ನಂಬಿಕೆಯನ್ನು ಅಳೆಯುವವರಿಗೆ

ಪೀಣ್ಯದ ಹಿಂಬದಿಯ ಓಣಿಯೊಂದರಲ್ಲಿ, ಶೀಟು ಹೊದಿಸಿದ ಒಂದು ಮನೆಯಲ್ಲಿ ನಡೆದ ಪ್ರಾರ್ಥನಾ ಕೂಟ ನನ್ನ ನೆನಪಿನಿಂದ ಹೋಗುತ್ತಿಲ್ಲ. ಮನೆಯಾಕೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಗಂಡ ಕಾಯಿಲೆ ಬಿದ್ದಿದ್ದ. ಬಾಡಿಗೆ ಬಾಕಿ, ಮಗಳ ಸ್ಕೂಲ್ ಫೀಸೂ ಬಾಕಿ. ನಾವೆಲ್ಲ ಚಾಪೆಯ ಮೇಲೆ ಕೂತು ಆಕೆ ಹೇಳಿದ್ದನ್ನು ಕೇಳಿದೆವು. ಪ್ರಸಂಗಕ್ಕೆ ಬಂದಿದ್ದ ದೇವಸೇವಕರು, "ತಂಗೀ, ದೇವರು ಒದಗಿಸ್ತಾನೆ. ಎಲ್ಲೋ ನಿನ್ನ ನಂಬಿಕೇಲಿ ಕೊರತೆ ಇದೆ, ಅದನ್ನ ಸರಿಮಾಡ್ಕೋ. ಇರೋದ್ರಲ್ಲೇ ಒಂದು ಬೀಜ ಬಿತ್ತು, ನೂರರಷ್ಟು ಫಲ ಬರ್ತದೆ" ಎಂದರು. ಸುತ್ತ ಕೂತವರು "ಸ್ತೋತ್ರ" ಎಂದರು. ನಾನೂ ಎಂದೆ. ಆಕೆ ಎದ್ದು ಒಳಗೆ ಹೋಗಿ ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ನೂರರ ಎರಡು ನೋಟು ತಂದು ಕಾಣಿಕೆ ಚೀಲಕ್ಕೆ ಹಾಕಿದಳು.

ಅಂದು ನಾನು ಹೇಳಿದ ಆ ಸ್ತೋತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸಭೆಗಳಲ್ಲಿ ಇವತ್ತು ಬೇರೂರಿರುವ ಅಭಿಪ್ರಾಯವನ್ನು ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅನುದಿನದ ಅಗತ್ಯಗಳಿಗೆ ದೇವರನ್ನು ನಂಬುವುದು ಇಲ್ಲದವನು ಬರೆಯಬೇಕಾದ ಪರೀಕ್ಷೆ. ಚೆನ್ನಾಗಿ ನಂಬಿದವನ ಮನೆಗೆ ಊಟ ಬರುತ್ತದೆ, ಬರಲಿಲ್ಲವೆಂದರೆ ಅವನು ನಂಬಿದ್ದು ಸಾಲದು. ಇದರ ಉಗ್ರ ರೂಪ ಬೀಜದ ಕಾಣಿಕೆ: ಹಣ ಕೊಟ್ಟರೆ ದೇವರು ಹಲವು ಪಟ್ಟು ಹಿಂದಿರುಗಿಸುತ್ತಾನೆ ಎಂಬ ಬೋಧನೆ. ಕಳೆದ ಶತಮಾನದಲ್ಲಿ ಅಮೆರಿಕದ ಓಕ್ಲಹೋಮದ ಟೀವಿ ಪ್ರಸಂಗಿ ಓರಲ್ ರಾಬರ್ಟ್ಸ್ ಇದನ್ನು ಜನಪ್ರಿಯಗೊಳಿಸಿದ. ಈಗ ಅದು ನಮ್ಮ ಬಾಡಿಗೆ ಹಾಲ್‌ಗಳಲ್ಲಿ ಕನ್ನಡದಲ್ಲೇ ಕೇಳಿಸುತ್ತದೆ. ಇದರ ಸಭ್ಯ ರೂಪ ನಮ್ಮ ಹಳೆಯ, ಗೌರವಸ್ಥ ಸಭೆಗಳಲ್ಲಿದೆ. ಅಲ್ಲಿ ಯಾರೂ ಬೀಜ ಕೇಳುವುದಿಲ್ಲ. ಕಷ್ಟ ಹೇಳಿಕೊಂಡವರ ಕೈ ಹಿಡಿದು "ಪ್ರಾರ್ಥನೆ ಮಾಡ್ತೀವಮ್ಮ" ಎಂದು ಹೇಳಿ ಸ್ಕೂಟರ್ ಹತ್ತುತ್ತಾರೆ. ಎರಡೂ ಕಡೆ ಆಗುವುದು ಒಂದೇ. ಹಸಿವು ಯಾರ ಹೊಟ್ಟೆಯಲ್ಲಿದೆಯೋ ನಂಬಿಕೆಯ ಭಾರವೂ ಅವರ ತಲೆಗೇ ಬೀಳುತ್ತದೆ.

ಇದು ತಪ್ಪು, ಸತ್ಯವೇದಕ್ಕೆ ಬಗೆದ ದ್ರೋಹ ಎಂಬುದು ನನ್ನ ವಾದ. ಧರ್ಮಗ್ರಂಥದಲ್ಲೂ ಸಭೆಯ ಚರಿತ್ರೆಯಲ್ಲೂ ಈ ಭಾರ ಬಿದ್ದಿರುವುದು ಉಣಿಸಬಲ್ಲವರ ಹೆಗಲ ಮೇಲೆ.

ಆ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನೂ ನೀಗಿಸುವನು ಎಂಬ ಅರ್ಥದ ವಚನ ಅದರಲ್ಲಿ ಅಚ್ಚಾಗಿತ್ತು. ಕ್ರೈಸ್ತರ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವ ವಚನ ಇನ್ನೊಂದಿಲ್ಲವೇನೋ. ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರದ 4ನೇ ಅಧ್ಯಾಯದ ಮಾತು ಅದು. ಪತ್ರ ಬರೆದಾಗ ಪೌಲ ಸೆರೆಯಲ್ಲಿದ್ದ. ಫಿಲಿಪ್ಪಿಯ ಸಭೆ ಅವನ ಕಷ್ಟ ತಿಳಿದು ಎಪಫ್ರೊದೀತನ ಕೈಯಲ್ಲಿ ನೆರವು ಕಳುಹಿಸಿತ್ತು. ಬೇರೆ ಯಾವ ಸಭೆಯೂ ತನ್ನ ನೆರವಿಗೆ ಬರದಿದ್ದ ಕಾಲದಲ್ಲೂ ಅವರು ಬಂದಿದ್ದನ್ನು ಪೌಲ ಅದೇ ಅಧ್ಯಾಯದಲ್ಲಿ ನೆನೆಯುತ್ತಾನೆ. ಹಾಗೆ ಕೊಟ್ಟು ತಮ್ಮ ಕೈ ಖಾಲಿ ಮಾಡಿಕೊಂಡವರಿಗೆ ಸೆರೆಮನೆಯಿಂದ ಬಂದ ಕೃತಜ್ಞತೆಯ ಮಾತು ಈ ವಚನ. ಕೊಡದವರು ಇಲ್ಲದವರಿಗೆ ಹೇಳಲು ಬರೆದದ್ದಲ್ಲ. ಅದಕ್ಕಿಂತ ಕೆಲವೇ ಸಾಲು ಮೇಲೆ ಪೌಲ ತಾನು ತೃಪ್ತಿಯನ್ನೂ ಹಸಿವನ್ನೂ ಎರಡನ್ನೂ ಕಲಿತವನು ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತಾನು ಪಟ್ಟ ಹಸಿವು, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದ ಸ್ಥಿತಿಗಳನ್ನು ಪಟ್ಟಿ ಮಾಡುತ್ತಾನೆ. ಕೊರತೆಯೇ ಅವಿಶ್ವಾಸದ ಗುರುತಾಗಿದ್ದರೆ ಆ ಪಟ್ಟಿಯ ಬಲದ ಮೇಲೆ ಪೌಲನನ್ನೇ ನಮ್ಮ ವೇದಿಕೆಗಳಿಂದ ಇಳಿಸಬೇಕಾಗುತ್ತದೆ.

ಬೆಟ್ಟದ ಮೇಲಿನ ಪ್ರಸಂಗದ ಹಕ್ಕಿಗಳ ಮಾತಿಗೆ ಬರೋಣ. ಬಿತ್ತದ, ಕೊಯ್ಯದ, ಕಣಜ ತುಂಬದ ಹಕ್ಕಿಗಳನ್ನು ತಂದೆಯು ಸಾಕುತ್ತಾನೆ, ಊಟ ಬಟ್ಟೆಗಳ ಚಿಂತೆ ಬೇಡ ಎಂದು ಯೇಸು ಹೇಳಿದ್ದು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಆ ಭಾಗ 'ಆದಕಾರಣ' ಎಂಬ ಅರ್ಥದ ಪದದಿಂದ ಶುರುವಾಗುತ್ತದೆ. ಯಾವ ಕಾರಣ? ಅದರ ಹಿಂದಿನ ಮಾತು, ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬುದು. ಇನ್ನೂ ಹಿಂದಿನದು, ಭೂಮಿಯ ಮೇಲೆ ಗಂಟು ಕೂಡಿಡಬೇಡಿ ಎಂಬುದು. ಹಣದ ಹಿಡಿತದಿಂದ ಬಿಡಿಸಿಕೊಂಡವನಿಗೆ ನಾಳಿನ ಭಯ ಹುಟ್ಟುತ್ತದೆ. ಆ ಭಯಕ್ಕೆ ಕೊಟ್ಟ ಉತ್ತರ ಹಕ್ಕಿಗಳು. ಈ ಮಾತನ್ನು ಕೇಳಿದವರಲ್ಲಿ ಬಡವರೇ ಹೆಚ್ಚಿದ್ದರು ಎಂಬುದು ನಿಜ, ಯೇಸು ಅವರನ್ನು ಸಂತೈಸಿದ್ದೂ ನಿಜ. ಆದರೆ ಅದೇ ಜನ ನಿರ್ಜನ ಸ್ಥಳದಲ್ಲಿ ಹಸಿದು ಕೂತಾಗ ಅವನು ಏನು ಮಾಡಿದ? ಶಿಷ್ಯರು, ಕತ್ತಲಾಗುತ್ತಿದೆ, ಜನರನ್ನು ಕಳುಹಿಸಿಬಿಡು, ಅವರೇ ಹಳ್ಳಿಗಳಿಗೆ ಹೋಗಿ ಏನಾದರೂ ಕೊಂಡುಕೊಳ್ಳಲಿ ಎಂದರು. ನೀವೇ ಅವರಿಗೆ ಊಟ ಕೊಡಿ ಎಂದು ಅವನು ಶಿಷ್ಯರಿಗೆ ಹೇಳಿದ. ಐದು ರೊಟ್ಟಿಗೆ ಕೈಚಾಚಿದ್ದು ಅದಾದ ಮೇಲೆ. ಅಂದು ನಂಬಿಕೆ ಪರೀಕ್ಷೆಗೆ ಒಳಗಾದವರು ಬುತ್ತಿ ಹಂಚಬೇಕಾಗಿದ್ದ ಶಿಷ್ಯರು. ಹುಲ್ಲಿನ ಮೇಲೆ ಕೂತಿದ್ದ ಸಾವಿರಾರು ಜನರಲ್ಲಿ ಒಬ್ಬನನ್ನೂ ಅವನು ನಿನ್ನ ನಂಬಿಕೆ ಎಷ್ಟಿದೆ ಎಂದು ಕೇಳಲಿಲ್ಲ.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರ ಬೇಡುವ ಕಡೆ ಬರುವುದು 'ನಮಗೆ' ಎಂಬ ಪದ. ಒಬ್ಬಂಟಿಯಾಗಿ ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವವನೂ 'ನನಗೆ' ಎನ್ನುವಂತಿಲ್ಲ. ನನ್ನ ತಟ್ಟೆ ತುಂಬಿದ್ದು ಪಕ್ಕದ ಮನೆಯದು ಖಾಲಿಯಿದ್ದರೆ ನನ್ನ ಪ್ರಾರ್ಥನೆಗೆ ಇನ್ನೂ ಉತ್ತರ ಬಂದಿಲ್ಲ ಎಂದೇ ಅರ್ಥ. ಮನ್ನಾದ ಕಥೆಯೂ ಇದನ್ನೇ ಹೇಳುತ್ತದೆ. ಅರಣ್ಯದಲ್ಲಿ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಎತ್ತಿಟ್ಟಿದ್ದು ಹುಳ ಬಿದ್ದು ನಾರಿತು. ನಮ್ಮ ಪ್ರಸಂಗಗಳಲ್ಲಿ ಈ ಕಥೆ, ಆಕಾಶದಿಂದ ನಿನಗೂ ಬೀಳುತ್ತದೆ ಎಂಬಲ್ಲಿಗೆ ಮುಗಿಯುತ್ತದೆ. ಪೌಲ ಇದನ್ನು ಎಲ್ಲಿ ಬಳಸಿದ ನೋಡಿ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ, ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಲಿ, ಸಮಾನತೆ ಉಂಟಾಗಲಿ ಎಂದು ಕೊರಿಂಥದವರನ್ನು ಒತ್ತಾಯಿಸುತ್ತ ಅದಕ್ಕೆ ಸಾಕ್ಷಿಯಾಗಿ ಮನ್ನಾದ ಮಾತನ್ನು ತೆಗೆದ.

ಬೀಜದ ಬೋಧಕರಿಗೆ ಪ್ರಿಯರಾದ ಇಬ್ಬರು ವಿಧವೆಯರಿದ್ದಾರೆ. ಒಬ್ಬಳು ಬರಗಾಲದಲ್ಲಿ ತನ್ನ ಕೊನೆಯ ಹಿಡಿ ಹಿಟ್ಟಿನಿಂದ ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಸುಟ್ಟುಕೊಟ್ಟವಳು. ನೀವೂ ಮೊದಲು ದೇವಸೇವಕನಿಗೆ ಕೊಡಿ ಎಂದು ಅವಳನ್ನು ತೋರಿಸುತ್ತಾರೆ. ಎಲೀಯನೂ ಅದೇ ಬರದಲ್ಲಿ ಹಸಿದಿದ್ದ, ಅರಸನಿಂದ ತಲೆ ತಪ್ಪಿಸಿಕೊಂಡು ಬಂದಿದ್ದ ಪರದೇಶಿ ಎಂಬುದನ್ನು ಹೇಳುವುದಿಲ್ಲ. ಅವನು ರೊಟ್ಟಿ ತೆಗೆದುಕೊಂಡು ಮುಂದಿನ ಊರಿನ ಕೂಟಕ್ಕೆ ಹೋಗಲಿಲ್ಲ. ಆ ಮನೆಯಲ್ಲೇ ಉಳಿದು, ಅವಳೂ ಅವಳ ಮಗನೂ ಉಣ್ಣುವ ಅದೇ ಮಡಕೆಯ ಹಿಟ್ಟಿನಿಂದ ಉಂಡ. ಆ ಮಗ ಕಾಯಿಲೆ ಬಿದ್ದು ಸತ್ತಾಗ ಅವಳ ಅವಿಶ್ವಾಸವನ್ನು ಹುಡುಕದೆ ಮಗುವನ್ನು ಎತ್ತಿಕೊಂಡು ದೇವರೊಡನೆ ಜಗಳಕ್ಕೆ ನಿಂತ. ಇನ್ನೊಬ್ಬಳು ದೇವಾಲಯದ ಬೊಕ್ಕಸಕ್ಕೆ ಎರಡು ಕಾಸು ಹಾಕಿದ ವಿಧವೆ. ಮಾರ್ಕನ ಸುವಾರ್ತೆಯಲ್ಲಿ ಅವಳ ಕಥೆಗೆ ಸರಿಯಾಗಿ ಮುಂಚೆ, ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾನೆ. ಆ ಖಂಡನೆಯನ್ನು ಬಿಟ್ಟು ಎರಡು ಕಾಸನ್ನಷ್ಟೇ ಓದುವವರು ತಾವು ಆ ಪುಟದಲ್ಲಿ ಯಾರ ಜಾಗದಲ್ಲಿ ನಿಂತಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಲಿ.

ಆದಿಸಭೆಯ ನಡೆ ಇನ್ನೂ ಸ್ಪಷ್ಟ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಒಂದು ದೂರು ಬರುತ್ತದೆ: ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ. ಪವಾಡಗಳನ್ನು ಕಣ್ಣಾರೆ ಕಂಡಿದ್ದ ಅಪೊಸ್ತಲರು ಆ ವಿಧವೆಯರಿಗೆ ಉಪವಾಸ ಪ್ರಾರ್ಥನೆ ಹೇಳಿಕೊಡಲಿಲ್ಲ. ಒಳ್ಳೆಯ ಹೆಸರಿನ ಏಳು ಜನರನ್ನು ಆರಿಸುವಂತೆ ಸಭೆಗೆ ಹೇಳಿ ಹಂಚಿಕೆಯ ವ್ಯವಸ್ಥೆಯನ್ನೇ ಸರಿಪಡಿಸಿದರು. ಯಾಕೋಬನಂತೂ ತನ್ನ ಪತ್ರಿಕೆಯಲ್ಲಿ, ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ ಎಂದು ಬರೀ ಬಾಯಲ್ಲಿ ಹೇಳಿದರೆ ಪ್ರಯೋಜನವೇನು ಎಂದು ಕೇಳುತ್ತಾನೆ. ಸತ್ತ ನಂಬಿಕೆ ಎಂದು ಅವನು ಕರೆದದ್ದು ಹಾಗೆ ಹೇಳಿ ಕಳುಹಿಸಿದವನ ನಂಬಿಕೆಯನ್ನು.

ಇಷ್ಟು ಹೇಳಿದಾಗ ನನ್ನೆದುರು ಒಂದು ಹೆಸರು ಬರುತ್ತದೆಂದು ನನಗೆ ಗೊತ್ತು: ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್. ಅನಾಥಾಲಯದ ಮಕ್ಕಳು ಖಾಲಿ ತಟ್ಟೆಯ ಮುಂದೆ ಕೂತು ಪ್ರಾರ್ಥಿಸಿದಾಗ ರೊಟ್ಟಿಯವನು ಬಾಗಿಲು ತಟ್ಟಿದ, ಹಾಲಿನ ಗಾಡಿ ಮನೆಮುಂದೆಯೇ ಮುರಿದು ನಿಂತಿತು ಎಂಬ ಕಥೆ ಭಾನುವಾರ ಶಾಲೆಯಲ್ಲಿ ನಾನೂ ಕೇಳಿ ಬೆಳೆದವನು. ಮುಲ್ಲರ್ ದೊಡ್ಡ ವಿಶ್ವಾಸಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಪ್ರಷ್ಯಾದಲ್ಲಿ 1805ರಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಆತ 1836ರಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಅನಾಥ ಹೆಣ್ಣುಮಕ್ಕಳಿಗೆ ಆಶ್ರಯ ತೆರೆದ. 1870ರ ಹೊತ್ತಿಗೆ ಆಶ್ಲಿ ಡೌನ್ ಗುಡ್ಡದ ಮೇಲೆ ಐದು ದೊಡ್ಡ ಕಟ್ಟಡಗಳಲ್ಲಿ 2,050 ಮಕ್ಕಳಿಗೆ ಜಾಗವಿತ್ತು. ಯಾರ ಬಳಿಯೂ ನೇರವಾಗಿ ಹಣ ಕೇಳುವುದಿಲ್ಲ, ಸಾಲ ಮಾಡುವುದಿಲ್ಲ ಎಂಬ ವ್ರತವನ್ನು 1898ರಲ್ಲಿ ಸಾಯುವವರೆಗೂ ನಡೆಸಿದ. ಇದೆಲ್ಲ ನಿಜ. ಆದರೆ ಆ ವ್ರತ ಹಿಡಿದವನು ಮಕ್ಕಳನ್ನು ಸಾಕುವ ಹೊಣೆ ಹೊತ್ತವನು. ಊಟ ತಡವಾದರೆ ನಿಮ್ಮ ನಂಬಿಕೆ ಸಾಲದು ಎಂದು ಮಕ್ಕಳಿಗೆ ಹೇಳಿ ಆತ ಕೈತೊಳೆದುಕೊಳ್ಳಲಿಲ್ಲ. ಮೊಣಕಾಲು ಊರಿದ್ದು ಪರರ ಮಕ್ಕಳಿಗಾಗಿ. ಸಭೆಯಿಂದ ಬರುತ್ತಿದ್ದ ಗೊತ್ತಾದ ಸಂಬಳವನ್ನು 1830ರಲ್ಲೇ ಬಿಟ್ಟಿದ್ದ. ಬಂದ ಪ್ರತಿ ಕಾಣಿಕೆಯನ್ನು ಪೆನ್ನಿಯ ಲೆಕ್ಕದಲ್ಲಿ ಬರೆದಿಟ್ಟು ವರ್ಷವರ್ಷವೂ ವರದಿ ಅಚ್ಚು ಮಾಡಿಸುತ್ತಿದ್ದ. ಆತನ ಹೆಸರನ್ನು ಬಳಸುವ ನಮ್ಮ ಬೋಧಕರು ಆತನ ಲೆಕ್ಕದ ಪುಸ್ತಕವನ್ನೂ ಬಳಸಲಿ. ಕಾಣಿಕೆ ಚೀಲಕ್ಕೆ ಬಿದ್ದ ಆ ಎರಡು ನೋಟು ಎಲ್ಲಿಗೆ ಹೋದವೆಂದು ಆಕೆ ಓದಿ ತಿಳಿಯುವಂತಾಗಲಿ.

ಮುಲ್ಲರ್‌ನ ಜೀವನ ಓದಿ ಬಲ ಪಡೆದವರಲ್ಲಿ ನಮ್ಮ ಮಣ್ಣಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿದ್ದಾಳೆ: ಪಂಡಿತಾ ರಮಾಬಾಯಿ. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗಾ ಭದ್ರಾ ನೇತ್ರಾವತಿಯರ ಉಗಮದ ಸೀಮೆಯಲ್ಲಿ, 1858ರಲ್ಲಿ ಹುಟ್ಟಿದವಳು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಜನರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಅವಳ ತಂದೆ. ಸಂಸಾರ ತೀರ್ಥಯಾತ್ರೆಯಲ್ಲಿ ಅಲೆಯಿತು, ಇದ್ದುದನ್ನೆಲ್ಲ ದಾನಧರ್ಮಕ್ಕೆ ಸುರಿಯಿತು, ಕೊನೆಗೆ 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ಹಸಿವಿನಿಂದ ಸವೆದು ಹೋದರು. ತಾವು ಬೇಡಲೂ ಒಪ್ಪದ, ಮೈಮುರಿದು ದುಡಿಯಲೂ ತಿಳಿಯದ ಜನವಾಗಿದ್ದೆವು ಎಂದು ಅವಳೇ ಮುಂದೆ ಬರೆದುಕೊಂಡಿದ್ದಾಳೆ. ದೇವರು ಕೊಡುತ್ತಾನೆ ಎಂದು ಬರೀ ಕಾಯುವುದರ ಬೆಲೆಯನ್ನು ಅವಳಷ್ಟು ತೆತ್ತವರು ಕಡಿಮೆ.

ಅದೇ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು. ಮಧ್ಯಪ್ರಾಂತ್ಯದ 1896–97ರ ಬರಗಾಲಕ್ಕೆ ತಾನೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಆಶ್ರಮ ಕಟ್ಟಿದಳು. ಅಮೆರಿಕದ ಬೆಂಬಲಿಗರು ಮಾತುಕೊಟ್ಟಿದ್ದ ಹತ್ತು ವರ್ಷದ ನೆರವಿನ ಅವಧಿ ಮುಗಿದ ಮೇಲೆ, ಗೊತ್ತಾದ ಆದಾಯವಿಲ್ಲದೆ, ದೇವರನ್ನು ನಂಬಿಯೇ ಅದನ್ನು ನಡೆಸಿದಳು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿ ಎರಡು ಸಾವಿರದ ಸಮೀಪ ಜನರಿದ್ದರು. ಆ ನಂಬಿಕೆ ಹೇಗಿತ್ತು? ಬಾವಿ ತೋಡಿಸಿದಳು, ಹಣ್ಣಿನ ತೋಟ ಹಾಕಿಸಿದಳು, ಮಗ್ಗ ಹೂಡಿಸಿದಳು, ಗಾಣ ನಡೆಸಿದಳು, ಹಸು ಸಾಕಿಸಿದಳು, ಅಚ್ಚುಮೊಳೆ ಜೋಡಿಸುವುದನ್ನು ಹುಡುಗಿಯರಿಗೆ ಕಲಿಸಿದಳು. ತನ್ನ ತಂದೆತಾಯಿಗೆ ಗೊತ್ತಿರದೆ ಹೋದ ದುಡಿಮೆಯನ್ನು ಆಶ್ರಮದ ಪ್ರತಿ ಹುಡುಗಿಯ ಕೈಗೆ ಕೊಟ್ಟಳು. ಅವಳಿಗೆ ಬೆಳಗಿನ ಪ್ರಾರ್ಥನೆಯೂ ಬಾವಿಯ ಹಗ್ಗವೂ ಒಂದೇ ದಿನದ ಎರಡು ಕೆಲಸಗಳಾಗಿದ್ದವು.

ಕರಾವಳಿಯವರಾದರೆ ಇದಕ್ಕೂ ಹಳೆಯ ಸಾಕ್ಷಿ ತಲೆಯ ಮೇಲೆಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮುಂದೆ ಬೇಗನೆ ಒಂದು ಪ್ರಶ್ನೆ ನಿಂತಿತು. ಕ್ರೈಸ್ತರಾದವರನ್ನು ಕುಟುಂಬ ಹೊರಗೆ ಹಾಕುತ್ತಿತ್ತು, ಉಳುವ ನೆಲ ಕೈತಪ್ಪುತ್ತಿತ್ತು. ಅವರಲ್ಲಿ ಬಹಳ ಮಂದಿ ಬಿಲ್ಲವರು. ಅವರ ಶೇಂದಿಯ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಅಂಥವರಿಗೆ ಹಕ್ಕಿಗಳ ವಚನ ಓದಿ ಮನೆಗೆ ಕಳುಹಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಗಡಿಯಾರದ ಕೆಲಸ ಕಲಿಸಲು ನೋಡಿದರು, ಅದು ಕೈಹತ್ತಲಿಲ್ಲ. ಅಚ್ಚುಕೂಟ ತೆರೆದರು, ನೇಯ್ಗೆ ಹಿಡಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತನ ಮುಂದಾಳುತನದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹಂಚು ಎಂದು ದೇಶವೆಲ್ಲ ಹೆಸರಾದ ಕೆಂಪು ಹಂಚು ಹುಟ್ಟಿದ್ದು ಹಾಗೆ, ನಂಬಿದವರ ಅನುದಿನದ ಆಹಾರದ ಪ್ರಶ್ನೆಯಿಂದ. ಆ ಏರ್ಪಾಡಿನಲ್ಲಿ ದೋಷವಿತ್ತು. ಕೆಲಸ, ಮನೆ, ಆರಾಧನೆ ಮೂರೂ ಒಂದೇ ಯಜಮಾನನ ಕೈಯಲ್ಲಿದ್ದಾಗ ಕೆಲಸಗಾರ ತಲೆಯೆತ್ತಿ ಮಾತಾಡುವುದು ಕಷ್ಟ. ಆದರೂ ತಾವು ಕೊಟ್ಟ ಕರೆಗೆ ಓಗೊಟ್ಟು ಬಂದವರ ಹೊಟ್ಟೆಯ ಹೊಣೆ ತಮ್ಮದು ಎಂದು ಅವರು ಒಪ್ಪಿಕೊಂಡಿದ್ದರು. ಇಂದಿನ ಕೂಟಗಳಲ್ಲಿ ನಾನು ಕಾಣದಿರುವುದು ಆ ಒಪ್ಪಿಗೆಯನ್ನು.

ನನಗೆ ಬರುವ ಆಕ್ಷೇಪಗಳನ್ನು ಬಲ್ಲೆ. ನೀವು ವಿಶ್ವಾಸವನ್ನು ಸಮಾಜಸೇವೆಗೆ ಇಳಿಸುತ್ತೀರಿ ಎಂಬುದು ಮೊದಲನೆಯದು. ಇಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ಹಸಿದ ತಾಯಿಯೊಬ್ಬಳು ತನ್ನ ಮಕ್ಕಳ ಮುಂದೆ ಹೇಳುವಾಗ ಅದರಲ್ಲಿರುವ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆ ಮಾತನ್ನು ಹೇಳುವ ಹಕ್ಕು ಅವಳದು. ಉಂಡು ಬಂದ ನಾನು ಅದನ್ನೇ ಅವಳಿಗೆ ಹೇಳಿದರೆ ಅವಳ ವಿಶ್ವಾಸ ನನ್ನ ಬಾಯಲ್ಲಿ ನೆಪವಾಗುತ್ತದೆ.

ಎರಡನೆಯದು, ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ದುಡಿಯದವನು ಉಣ್ಣಬಾರದೆಂದು ಪೌಲನೇ ಹೇಳಿದ್ದಾನೆ ಎಂಬುದು. ಪೌಲ ಹೇಳಿದ್ದು ದುಡಿಯಲು ಮನಸ್ಸಿಲ್ಲದವರ ವಿಷಯ. ಬೆಳಿಗ್ಗೆ ಫ್ಯಾಕ್ಟರಿ ಗೇಟಿಗೆ ಹೋಗಿ ಕೆಲಸವಿಲ್ಲವೆಂದು ತಿರುಗಿ ಬಂದವಳಿಗೆ ಅದನ್ನು ಅನ್ವಯಿಸುವುದು ಅನ್ಯಾಯ. ಹಾಗೆ ಬರೆದ ಪೌಲ ಕೊರಿಂಥದಲ್ಲಿ ಗುಡಾರ ಹೊಲಿದು ತನ್ನ ಊಟ ತಾನು ಸಂಪಾದಿಸುತ್ತಿದ್ದ. ಬೇರೆಯವರ ಬೆವರಿನ ಬೀಜದ ಮೇಲೆ ಬದುಕುವವರು ಆ ವಚನವನ್ನು ಎತ್ತದಿರುವುದು ಒಳ್ಳೆಯದು.

ಮೂರನೆಯದು, ದೇವರು ಒದಗಿಸಿದ್ದಕ್ಕೆ ಸಾವಿರ ಸಾಕ್ಷಿಗಳಿವೆ ಎಂಬುದು. ಇವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಸಭೆಯಲ್ಲಿ ಸಾಕ್ಷಿ ಹೇಳಲು ಏಳುವವರು ಪಡೆದವರು. ಕೇಳಿಕೊಂಡೂ ಪಡೆಯದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ, ಸ್ವಲ್ಪ ದಿನಕ್ಕೆ ಬರುವುದನ್ನೇ ಬಿಡುತ್ತಾರೆ. ಯೋಬನ ಸ್ನೇಹಿತರು ಕೂಡ ದೇವರ ಪರವಾಗಿಯೇ ಮಾತಾಡಿದ್ದರು, ಕಷ್ಟಕ್ಕೆ ಕಾರಣ ಯೋಬನಲ್ಲೇ ಇದೆ ಎಂದಿದ್ದರು. ಯೋಬನ ಪುಸ್ತಕದ ಕೊನೆಯಲ್ಲಿ ದೇವರ ಕೋಪ ಎದ್ದದ್ದು ಆ ಸ್ನೇಹಿತರ ಮೇಲೆ.

ಹಾಗಾದರೆ ಆ ಸಂಜೆ ಏನು ಮಾಡಬೇಕಿತ್ತು? ಬಾಡಿಗೆ ಎಷ್ಟು ಬಾಕಿ ಎಂದು ಕೇಳಬೇಕಿತ್ತು. ಆಕೆಯ ಪಿಎಫ್ ಹಣ ಬರಬೇಕಿದೆಯೇ, ಇಎಸ್‌ಐ ಕಾರ್ಡಿನಲ್ಲಿ ಗಂಡನಿಗೆ ಚಿಕಿತ್ಸೆ ಸಿಗುತ್ತದೆಯೇ, ರೇಷನ್ ಕಾರ್ಡು ಇದೆಯೇ ಎಂದು ವಿಚಾರಿಸಬೇಕಿತ್ತು. ಚಾಪೆಯ ಮೇಲೆ ಹನ್ನೆರಡು ಮಂದಿ ಕೂತಿದ್ದೆವು, ಅದರಲ್ಲಿ ಸಂಬಳ ಬರುವವರು ಏಳೆಂಟು ಜನ. ಕಾಣಿಕೆ ಚೀಲ ಅಂದು ಆಕೆಯ ಕಡೆಯಿಂದ ನಮ್ಮ ಕಡೆಗೆ ಬಂತು. ಅದು ನಮ್ಮ ಕಡೆಯಿಂದ ಆಕೆಯ ಕಡೆಗೆ ಹೋಗಬೇಕಿತ್ತು. ಆಮೇಲೆ ಪ್ರಾರ್ಥನೆ ಮಾಡಿದ್ದರೆ ಅದರಲ್ಲಿ ಬರುವ 'ನಮಗೆ' ಎಂಬ ಪದವನ್ನು ನಾಚಿಕೆಯಿಲ್ಲದೆ ಉಚ್ಚರಿಸಬಹುದಿತ್ತು.

ನನ್ನ ಅಜ್ಜಿ ಹಂಚಿನ ಕಾರ್ಖಾನೆಯ ಕೆಲಸಗಾರನ ಮಗಳು. ದಿನವೂ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ದಿನ ಹಿಡಿ ಸಣ್ಣದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ತಿಂಗಳ ಕೊನೆಗೆ ಆ ಡಬ್ಬಿ ಸೆರಗಿನ ಮರೆಯಲ್ಲಿ ಯಾರದೋ ಮನೆಗೆ ಹೋಗಿ ಖಾಲಿಯಾಗಿ ಬರುತ್ತಿತ್ತು. ಯಾರ ಮನೆಗೆ ಎಂದು ಕೇಳಿದರೆ, "ಅದೆಲ್ಲ ನಿನಗ್ಯಾಕೆ ಮಗಾ, ಅವರು ದೇವರತ್ರ ಕೇಳಿದ್ರು, ನಾನು ತಕೊಂಡೋದೆ" ಎನ್ನುತ್ತಿದ್ದಳು.